ಚುನಾವಣೆಯ ಯಾರ್ಡ್ ಸೈನ್: ಸಬರ್ಬ್ ಬೀದಿಗೆ ಓಕೆ, ಹಳ್ಳಿ ರಸ್ತೆಗೆ ವ್ಯರ್ಥ

ತರಿಸಿದ್ದು 18x24 ಇಂಚಿನ ಪ್ಲಾಸ್ಟಿಕ್ ಬೋರ್ಡ್, ಎರಡೂ ಕಡೆ ಪ್ರಿಂಟ್, ಜೊತೆಗೆ ನೆಲಕ್ಕೆ ಚುಚ್ಚುವ ತಂತಿ ಸ್ಟ್ಯಾಂಡ್. ಅಮೆರಿಕದಲ್ಲಿ ಚುನಾವಣೆ ಬಂದರೆ ಮನೆ ಮುಂದಿನ ಹುಲ್ಲಿನಲ್ಲಿ ನೆಟ್ಟಿರುತ್ತಾರಲ್ಲ, ಅದೇ. ನಾವಿರುವುದು ಟೆಕ್ಸಸ್‌ನಲ್ಲಿ, ಡಲ್ಲಾಸ್‌ಗೆ ಉತ್ತರದ ಒಂದು ಸಬರ್ಬ್, ಅಂದರೆ ನಗರದಂಚಿನ ಊರು. ನವೆಂಬರ್‌ನಲ್ಲಿ ಸ್ಕೂಲ್ ಬಾಂಡ್ ವೋಟಿಗೆ ಬಂದಿತ್ತು. ಅಂದರೆ ಶಾಲೆ ಕಟ್ಟಡಗಳಿಗೆ ಸಾಲ ಎತ್ತಬೇಕಾ ಬೇಡವಾ ಅಂತ ಊರಿನವರೇ ಹೇಳಬೇಕು. ನಮ್ಮದು "ಬೇಕು", ಎದುರು ಮನೆಯವರದು "ಬೇಡ". ಇಲ್ಲಿ ರಾಜ್ಯದ ಇನ್‌ಕಮ್ ಟ್ಯಾಕ್ಸ್ ಇಲ್ಲ, ಶಾಲೆ ಖರ್ಚು ಹೆಚ್ಚಾಗಿ ಮನೆ ತೆರಿಗೆ ಮೇಲೇ ಬೀಳುತ್ತದೆ. ಹಾಗಾಗಿ ಅವರು ಹೇಳುವುದೂ ಸುಮ್ನೆ ಅಲ್ಲ.

ಮೊದಲು ವಸ್ತುವಿನ ವಿಷಯ. ಬೋರ್ಡ್ 4 ಮಿ.ಮೀ. ದಪ್ಪ, ಪಾಲಿಪ್ರೊಪಿಲೀನ್, ರಟ್ಟಿನ ಡಬ್ಬದ ಹಾಗೆ ಒಳಗೆಲ್ಲ ಸಣ್ಣ ಸಣ್ಣ ಕೊಳವೆ. ತಂತಿಯ ಎರಡು ಮೊನೆ ಆ ಕೊಳವೆಯೊಳಗೆ ಹೋಗಬೇಕು. ಹೋಗಬೇಕಾದರೆ ಕೊಳವೆ ಮೇಲಿಂದ ಕೆಳಕ್ಕೆ ಇರಬೇಕು ಅಲ್ವಾ? ನನಗೆ ಬಂದ ಬೋರ್ಡ್‌ಗಳಲ್ಲಿ ಅಡ್ಡಕ್ಕೆ ಕತ್ತರಿಸಿದ್ದರು. ಕೆಳಗಿನ ಅಂಚಿನಲ್ಲಿ ತೂತೇ ಇಲ್ಲ, ತಂತಿ ಎಲ್ಲಿಗೆ ತೂರಿಸುವುದು? ಕಂಪನಿಗೆ ಫೋಟೋ ಕಳಿಸಿದರೆ ಕ್ಷಮೆ ಕೇಳಿ, ಮುಂದಿನ ಆರ್ಡರ್‌ಗೆ ಅಂತ ಒಂದು ಕೂಪನ್ ಕೊಟ್ಟು ಕೈ ತೊಳೆದುಕೊಂಡರು. ಕೊನೆಗೆ ಮೊಳೆಯಲ್ಲಿ ತೂತು ಮಾಡಿ ಜಿಪ್ ಟೈ ಹಾಕಿ ಕಟ್ಟಿದೆ. ನೋಡಲು ಚೆನ್ನಾಗಿಲ್ಲ, ಆದರೆ ನಿಂತಿತು. ಆರ್ಡರ್ ಮಾಡುವಾಗ ಕೊಳವೆ ಯಾವ ದಿಕ್ಕಿಗೆ ಅಂತ ಕೇಳಿಯೇ ದುಡ್ಡು ಕೊಡಿ.

ತಂತಿಯೂ ಅಷ್ಟೇ, ತೆಳು. ಗೇಜ್ ನಂಬರ್ ಕಡಿಮೆ ಇದ್ದಷ್ಟು ದಪ್ಪ ಅನ್ನುವುದು ನೆನಪಿರಲಿ, 9 ಗೇಜ್ ಸಿಕ್ಕರೆ ಅದನ್ನೇ ತಗೊಳ್ಳಿ. ಇಲ್ಲಿಯದು ಎರೆಮಣ್ಣು, ಬೇಸಿಗೆ ಮುಗಿಯುವಷ್ಟರಲ್ಲಿ ಬಿರುಕು ಬಿಟ್ಟು ಕಲ್ಲಾಗಿರುತ್ತದೆ. ಒತ್ತಿದರೆ ತಂತಿ ಬಾಗುತ್ತದೆಯೇ ಹೊರತು ನೆಲಕ್ಕೆ ಇಳಿಯುವುದಿಲ್ಲ. ಹಿಂದಿನ ರಾತ್ರಿ ಪೈಪ್‌ನಲ್ಲಿ ನೀರು ಬಿಟ್ಟು ನೆನೆಸಿಡಿ, ಬೆಳಿಗ್ಗೆ ಚುಚ್ಚಿ. ಸ್ಪ್ರಿಂಕ್ಲರ್ ಪೈಪ್ ಎಲ್ಲಿದೆ ಅಂತ ನೋಡಿಕೊಂಡು.

ಬೋರ್ಡಿನ ಅಡಿಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ ಒಂದು ಸಾಲು ಇರುತ್ತದೆ, ಯಾರೂ ಓದುವುದಿಲ್ಲ. ಇದನ್ನು ಹೆದ್ದಾರಿಯ ಜಾಗದೊಳಗೆ ನೆಟ್ಟರೆ ರಾಜ್ಯದ ಕಾನೂನಿಗೆ ವಿರುದ್ಧ ಅಂತ. ಟೆಕ್ಸಸ್‌ನಲ್ಲಿ ರಾಜಕೀಯ ಬೋರ್ಡ್‌ಗೆ ಆ ಸಾಲು ಕಡ್ಡಾಯ, ಪ್ರಿಂಟ್‌ಗೆ ಮುಂಚೆ ತೋರಿಸುವ ಪ್ರೂಫ್‌ನಲ್ಲೇ ನೋಡಿಕೊಳ್ಳಿ.

ಇನ್ನು ಎಚ್‌ಒಎ, ಅಂದರೆ ಬಡಾವಣೆಯ ಸಂಘ. ಹುಲ್ಲು ಎರಡಿಂಚು ಜಾಸ್ತಿ ಬೆಳೆದರೂ ನೋಟಿಸ್ ಕಳಿಸುವವರು ಬೋರ್ಡ್ ಬಿಡುತ್ತಾರಾ ಅಂತ ನಮ್ಮವರಿಗೆಲ್ಲ ಭಯ. ಭಯ ಬೇಡ. ಚುನಾವಣೆಗೆ 90 ದಿನ ಮೊದಲಿನಿಂದ, ಮುಗಿದ ಮೇಲೂ 10 ದಿನದ ತನಕ, ಸಂಘ ತಡೆಯುವಂತಿಲ್ಲ ಅಂತ ರಾಜ್ಯದ ಕಾನೂನೇ ಇದೆ. ಆದರೆ ಒಬ್ಬ ಅಭ್ಯರ್ಥಿಗೆ ಒಂದೇ ಬೋರ್ಡ್ ಅಂತ ಅವರು ಹೇಳಬಹುದು. ಊರಿನ ಸರ್ಕಾರದ ಮಾತು ಬೇರೆ. ಮಿಸೂರಿಯ ಸೇಂಟ್ ಲೂಯಿಸ್ ಪಕ್ಕದ ಲಡೂ ಅನ್ನುವ ಸಬರ್ಬ್‌ನಲ್ಲಿ ಮಾರ್ಗರೆಟ್ ಗಿಲಿಯೊ ಎಂಬುವರು 1990ರಲ್ಲಿ ಕೊಲ್ಲಿ ಯುದ್ಧ ಬೇಡ ಅಂತ ಅಂಗಳದಲ್ಲಿ ಬೋರ್ಡ್ ಹಾಕಿದರು. ಅದನ್ನು ಯಾರೋ ಕದ್ದರು, ಇನ್ನೊಂದು ಹಾಕಿದರೆ ಬೀಳಿಸಿದರು. ಪೊಲೀಸರ ಹತ್ತಿರ ಹೋದರೆ ಬೋರ್ಡ್ ಹಾಕುವುದೇ ಈ ಊರಲ್ಲಿ ನಿಷಿದ್ಧ ಅಂದರಂತೆ! 1994ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಗಿಲಿಯೊ ಪರ ತೀರ್ಪು ಕೊಟ್ಟಿತು. ಆದರೆ ಆ ತೀರ್ಪು ಸರ್ಕಾರದ ಕೈ ಕಟ್ಟುತ್ತದೆ, ಖಾಸಗಿ ಸಂಘದ್ದಲ್ಲ. ಅದಕ್ಕೇ ನಿಮ್ಮ ರಾಜ್ಯದಲ್ಲಿ ಏನಿದೆ ಅಂತ ಬೇರೆಯಾಗಿ ನೋಡಬೇಕು.

ಈಗ ಹಳ್ಳಿ. ಗೆಳೆಯನೊಬ್ಬ ಊರಾಚೆ ಜಮೀನು ಮಾಡಿದ್ದಾನೆ, ಉಳಿದ ಬೋರ್ಡ್‌ಗಳನ್ನು ಅವನ ಬೇಲಿಗೆ ಕಟ್ಟಿದೆವು. ಪೂರ್ತಿ ವ್ಯರ್ಥ. ಆ ರಸ್ತೆಯಲ್ಲಿ 60 ಮೈಲಿ ವೇಗ, ಅಂದರೆ ಸೆಕೆಂಡಿಗೆ 88 ಅಡಿ. ಬೋರ್ಡ್ ಮಾಡುವವರ ಲೆಕ್ಕ ಒಂದಿದೆ, ಆರಾಮಾಗಿ ಓದಬೇಕಾದರೆ ಪ್ರತಿ 10 ಅಡಿ ದೂರಕ್ಕೆ ಅಕ್ಷರ ಒಂದು ಇಂಚು ಎತ್ತರ ಇರಬೇಕು ಅಂತ. ನನ್ನ ನಾಲ್ಕಿಂಚಿನ ಅಕ್ಷರ 40 ಅಡಿಗೆ ಸರಿ, ಅಷ್ಟು ದೂರ ದಾಟಲು ಕಾರಿಗೆ ಅರ್ಧ ಸೆಕೆಂಡೂ ಬೇಡ. ಅಲ್ಲಿನವರು 4x8 ಅಡಿಯ ಹಲಗೆ ಹಾಕುವುದು ಜಂಬಕ್ಕೆ ಅಂದುಕೊಂಡಿದ್ದೆವು, ಅದು ರಸ್ತೆಯ ಲೆಕ್ಕ.

ಇನ್ನೊಂದು ವ್ಯತ್ಯಾಸ ಲೆಕ್ಕಕ್ಕೆ ಸಿಗುವುದಿಲ್ಲ. ನಮ್ಮ ಬೀದಿಯಲ್ಲಿ ಬೋರ್ಡ್ ಓದುವವರು ನಾಯಿ ಕರೆದುಕೊಂಡು ಹೋಗುವ ನೆರೆಯವರು. ಎದುರು ಮನೆಯವರ ಬೋರ್ಡ್‌ಗೆ ನಾವೂ ನಮ್ಮದಕ್ಕೆ ಅವರೂ ಒಂದು ಮಾತೂ ಆಡಲಿಲ್ಲ, ಕಸದ ಡಬ್ಬ ಒಳಗಿಡುವಾಗ ಕೈ ಎತ್ತುವುದು ಮಾತ್ರ ತಪ್ಪಲಿಲ್ಲ. ಗೆಳೆಯನ ಕಡೆ ಹಾಗಲ್ಲ. ಬೋರ್ಡ್ ಕಟ್ಟಿದ ವಾರವೇ ಪಕ್ಕದ ದನದ ರಾಂಚ್‌ನವನು ಗೇಟಿನ ಹತ್ತಿರ ಪಿಕಪ್ ನಿಲ್ಲಿಸಿ, ಇದು ನಿನ್ನದೇನಾ ಅಂತ ನೇರವಾಗಿ ಕೇಳಿದ. ಅರ್ಧ ಗಂಟೆ ತೆರಿಗೆ ಬಗ್ಗೆ ಜಗಳ. ಆಮೇಲೆ ನಿನ್ನ ಬೇಲಿ ಸಡಿಲ ಆಗಿದೆ ಅಂತ ತೋರಿಸಿ ಹೋದ. ನನಗೆ ಆ ಜಗಳವೇ ಇಷ್ಟವಾಯಿತು. ಆದರೆ ಅಲ್ಲಿ ನಿಮ್ಮ ಅಭಿಪ್ರಾಯದವರು ನೀವೊಬ್ಬರೇ ಆದರೆ ಗೇಟ್ ಮೇಲೆ ಬರೆದುಕೊಳ್ಳಲು ಧೈರ್ಯ ಬೇಕು, ಅದನ್ನು ಅಲ್ಲಗಳೆಯುವುದಿಲ್ಲ.

ವೋಟು ಬರುತ್ತದಾ? 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ನಾಲ್ಕು ಪ್ರಯೋಗ ಒಟ್ಟಿಗೆ ಇಟ್ಟು ನೋಡಿ, ಸರಾಸರಿ 1.7 ಶೇಕಡಾ ಅಂಶದಷ್ಟು ಲಾಭ ಇರಬಹುದು ಅಂದಿತ್ತು. 2018ರ ಸೆನೆಟ್ ಚುನಾವಣೆಯಲ್ಲಿ ನಮ್ಮ ಸಬರ್ಬ್‌ಗಳ ತುಂಬ ಡೆಮಾಕ್ರಟಿಕ್ ಅಭ್ಯರ್ಥಿ ಬೆಟೊ ಒ'ರೂರ್ಕ್ ಅವರ ಕಪ್ಪು-ಬಿಳಿ ಬೋರ್ಡ್, ಗೆದ್ದದ್ದು ರಿಪಬ್ಲಿಕನ್ ಟೆಡ್ ಕ್ರೂಜ್. ಬೀದಿ ನೋಡಿ ರಾಜ್ಯ ಅಳೆಯಬೇಡಿ.

ಐದಕ್ಕೆ ಮೂರು ಸ್ಟಾರ್, ಅದೂ ಸಬರ್ಬ್‌ಗೆ ಮಾತ್ರ. ಪ್ರಿಂಟ್ ಬಣ್ಣ ಬಿಸಿಲಿಗೆ ಮಾಸಲಿಲ್ಲ, ಅದಕ್ಕೆ ಒಂದು ಸ್ಟಾರ್ ಜಾಸ್ತಿ ಕೊಟ್ಟಿದ್ದೇನೆ. ಮುಗಿದ ಮೇಲೆ ಬೋರ್ಡನ್ನು ಮನೆ ಮುಂದಿನ ರೀಸೈಕಲ್ ಡಬ್ಬಕ್ಕೆ ತುಂಬಬೇಡಿ, ನಮ್ಮೂರಲ್ಲಿ ತೆಗೆದುಕೊಳ್ಳುವುದಿಲ್ಲ. ತಂತಿ ಇಟ್ಟುಕೊಳ್ಳಿ, ಗ್ಯಾರೇಜ್ ಸೇಲ್‌ಗೆ ಬೇಕಾಗುತ್ತದೆ. ಹುಲ್ಲು ಕತ್ತರಿಸುವವನು ಬರುವ ಮುಂಚೆ ಕಿತ್ತಿಡಿ.