ಸಿತಾರ್-ತಬಲಾ ಕೇಳಲು ಸಭಾಂಗಣವೋ, ಮಾಳಿಗೆಯೋ, ಪಡಸಾಲೆಯೋ?

ಕಳೆದ ಮೂರು ಚಳಿಗಾಲಗಳಲ್ಲಿ ನಾವು ಕೆಲವು ಗೆಳೆಯರು ಕೂಡಿ ಕಲಬುರಗಿಯಲ್ಲಿ ಮೂರು ಕಛೇರಿ ಮಾಡಿಸಿದ್ದೇವೆ. ಮೂರಕ್ಕೂ ಬಂದದ್ದು ಒಂದೇ ಜೋಡಿ: ಧಾರವಾಡದ ಸಿತಾರ್ ವಾದಕರು, ಸೊಲ್ಲಾಪುರದಿಂದ ರೈಲು ಹತ್ತಿ ಬರುವ ತಬಲಾ ವಾದಕರು. ಬದಲಾದದ್ದು ಜಾಗ ಮಾತ್ರ. ಮೊದಲ ವರ್ಷ ಬಾಡಿಗೆಯ ಸಭಾಂಗಣ, ಮರುವರ್ಷ ಗೆಳೆಯರೊಬ್ಬರ ಮನೆಯ ಮಾಳಿಗೆ, ಈ ವರ್ಷ ನಮ್ಮ ಮನೆಯ ಪಡಸಾಲೆ. ವಾದ್ಯವೂ ಕೈಯೂ ಅವೇ ಇದ್ದು ಕೇಳಿದ್ದು ಮಾತ್ರ ಮೂರು ಬಗೆಯಾಗಿತ್ತು. ನಮ್ಮ ಭಾಗದಲ್ಲಿ ಬೈಠಕ್ (ನೆಲದ ಮೇಲೆ ಕುಳಿತು ಹತ್ತಿರದಿಂದ ಕೇಳುವ ಸಣ್ಣ ಕಛೇರಿ) ಇಟ್ಟುಕೊಳ್ಳುವ ಆಸೆಯುಳ್ಳವರು ಇನ್ನೂ ಇದ್ದಾರೆ, ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಸಭಾಂಗಣದ ಅನುಕೂಲಗಳನ್ನು ಅಲ್ಲಗಳೆಯಲಾರೆ. ಇನ್ನೂರು ಜನ ಬಂದಿದ್ದರು. ಮೊಣಕಾಲು ನೋವಿನ ಹಿರಿಯರಿಗೆ ಕುರ್ಚಿ ಸಿಕ್ಕಿತು. ಸಿತಾರನ್ನು ಎಂದೂ ಎದುರಿಗೆ ಕಂಡಿರದ ಕಾಲೇಜು ಹುಡುಗರು ಹಿಂದಿನ ಸಾಲುಗಳಲ್ಲಿ ಕೊನೆಯವರೆಗೂ ಕುಳಿತಿದ್ದರು. ಆದರೆ ಧ್ವನಿವರ್ಧಕ ನೋಡಿಕೊಳ್ಳುತ್ತಿದ್ದವರಿಗೆ ಭಾಷಣ ಮತ್ತು ಆರ್ಕೆಸ್ಟ್ರಾಗಳ ಅಭ್ಯಾಸ. ತಬಲಾ ಜೋಡಿಯ ಎಡಗೈ ವಾದ್ಯವಾದ ಬಾಯಾದ ಘುಮಕಿ, ಅಂದರೆ ಅದರ ತಗ್ಗು ನಾದ, ಗುಡುಗಿನಂತೆ ಎದ್ದು, ಸಿತಾರಿನ ಮೀಂಡ್ ಅದರ ಕೆಳಗೆ ಹೂತುಹೋಗುತ್ತಿತ್ತು. ಮೀಂಡ್ ಎಂದರೆ ಒಂದೇ ಪರದೆಯ (ಸಿತಾರಿನ ಕತ್ತಿನ ಮೇಲಿನ ಲೋಹದ ಮೆಟ್ಟಿಲಿನ) ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರದಿಂದ ಸ್ವರಕ್ಕೆ ಜಾರುವುದು. ಆ ಜಾರುವ ನಾದದ ಬಾಲವನ್ನು ಕತ್ತರಿಸಿದರೆ ಮೀಂಡಿನಲ್ಲಿ ಉಳಿಯುವುದೇನು? ಇನ್ನೊಂದು ತೊಂದರೆಯನ್ನು ನಾವು ಊಹಿಸಿರಲಿಲ್ಲ. ವೇದಿಕೆಯ ದೀಪಗಳ ಕಾವಿಗೆ ಲೋಹದ ತಂತಿ ಸಡಿಲಗೊಂಡು ಶ್ರುತಿ ಇಳಿಯಿತು. ಅದೇ ಕಾವಿಗೆ ತಬಲಾದ ಆಡಿನ ಚರ್ಮ ಒಣಗಿ ಬಿಗಿದು ಶ್ರುತಿ ಏರಿತು. ಯಮನ್ ರಾಗದ ಆಲಾಪ, ಜೋಡ್ ಎಂಬ ತಬಲಾ ಇಲ್ಲದ ಭಾಗಗಳು ಮುಗಿದು, ತಬಲಾ ಜೊತೆಗೂಡುವ ಗತ್ ಹಿಡಿಯುವ ಹೊತ್ತಿಗೆ ಎರಡೂ ವಾದ್ಯಗಳು ಒಂದಕ್ಕೊಂದು ಬೆನ್ನು ತಿರುಗಿಸಿದ್ದವು. ಮತ್ತೆ ಕೂಡಿಸಲು ಹತ್ತು ನಿಮಿಷ ಹಿಡಿಯಿತು.

ಮಾಳಿಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡಿಸೆಂಬರಿನ ಬೆಳದಿಂಗಳು, ಬಿಸಿ ಮಿರ್ಚಿ ಭಜಿ, ಹರಟೆ, ಎಲ್ಲವೂ ಸೊಗಸಾಗಿದ್ದವು. ಸಂಗೀತ ಮಾತ್ರ ಆಕಾಶಕ್ಕೆ ಹೋಯಿತು. ನಾದವನ್ನು ಹಿಂದಕ್ಕೆ ಕಳಿಸಲು ಮೇಲೆ ಚಾವಣಿಯಿಲ್ಲ, ಸುತ್ತ ಗೋಡೆಯಿಲ್ಲ. ನಾಲ್ಕನೆಯ ಸಾಲಿಗೆ ಕೇಳಿದ್ದು ತಬಲಾ ಮಾತ್ರ. ನಡುವೆ ಮದುವೆ ಮೆರವಣಿಗೆಯ ಬ್ಯಾಂಡು ಹಾದುಹೋಯಿತು. ಇಬ್ಬನಿ ಬೀಳತೊಡಗಿದಾಗ ಮೊದಲ ವರ್ಷದ ತೊಂದರೆ ತಲೆಕೆಳಗಾಗಿ ಬಂತು: ತಂಪಿಗೆ ತಂತಿ ಬಿಗಿದು ಏರಿತು, ತೇವಕ್ಕೆ ಚರ್ಮ ಮೆತ್ತಗಾಗಿ ಇಳಿಯಿತು.

ಇನ್ನು ಪಡಸಾಲೆ. ನಮ್ಮ ಮನೆಗೆ ಇಲ್ಲಿನ ಹಳೆಯ ಮನೆಗಳಂತೆ ಶಹಾಬಾದಿ ಫರಸಿಯ ನೆಲ. ಬೆಳಿಗ್ಗೆ ಖಾಲಿ ಕೋಣೆಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ ನೋಡಿದೆ, ಆ ಸದ್ದು ಕಲ್ಲಿನಿಂದ ಗೋಡೆಗೆ, ಗೋಡೆಯಿಂದ ಕಲ್ಲಿಗೆ ಪುಟಿದು ಕಿವಿಗೆ ಚುಚ್ಚಿತು. ತಬಲಾ ನುಡಿಸಿದರೆ ಬೋಲುಗಳೆಲ್ಲ (ಅದರ ನುಡಿಗಳೆಲ್ಲ) ಒಂದರ ಮೇಲೊಂದು ಬಿದ್ದು ಕಲಸಿಹೋಗುವುದು ಖಚಿತವಾಗಿತ್ತು. ನೆಲಕ್ಕೆ ಜಮಖಾನೆಯನ್ನು ಎರಡು ಪದರ ಹಾಸಿದೆವು. ಅಮ್ಮ ಪೆಟ್ಟಿಗೆಯಿಂದ ನಾಲ್ಕು ಕೌದಿಗಳನ್ನು ತೆಗೆದುಕೊಟ್ಟರು, ಅವನ್ನು ಎದುರಿನ ಗೋಡೆಗೆ ತೂಗುಹಾಕಿದೆವು. ಮತ್ತೆ ಚಪ್ಪಾಳೆ ತಟ್ಟಿದಾಗ ಸದ್ದು ಹುಟ್ಟಿದ ಜಾಗದಲ್ಲೇ ನಿಂತಿತು. ಫ್ಯಾನ್ ನಿಲ್ಲಿಸಿ, ಫ್ರಿಜ್ಜಿನ ಪ್ಲಗ್ ಕಿತ್ತೆವು. ಮೈಕ್ ತರಿಸಲೇ ಇಲ್ಲ. ಬಂದವರು 35 ಜನ.

ಬೈಠಕ್ಕಿನ ಫಲವು ಶ್ರುತಿ ಕೂಡಿಸುವಾಗಲೇ ಕಂಡಿತು. ಸಿತಾರಿನಲ್ಲಿ ಬೆರಳಿಗೆ ತೊಡುವ ಮಿಜ್ರಾಬಿನಿಂದ ಮೀಟುವ ತಂತಿಗಳ ಕೆಳಗೆ ತರಬಿನ ತಂತಿಗಳಿರುತ್ತವೆ, ಸಾಮಾನ್ಯವಾಗಿ 11ರಿಂದ 13. ಅವು ಹೆಚ್ಚಾಗಿ ತಮ್ಮ ಸ್ವರ ಎಲ್ಲಾದರೂ ಕೇಳಿದಾಗ ತಾವೇ ಮಿಡಿಯುವಂಥವು. ಸಿತಾರ್ ವಾದಕರು ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದರು. ತಬಲಾ ವಾದಕರು ಸಣ್ಣ ಸುತ್ತಿಗೆಯಿಂದ ಗಟ್ಟಾ (ಬದಿಯ ಪಟ್ಟಿಗಳನ್ನು ಬಿಗಿಸುವ ಮರದ ತುಂಡು) ಒಂದಿಷ್ಟು ಇಳಿಸಿ, ಬಲಗೈ ವಾದ್ಯವಾದ ದಾಯಾದ ಅಂಚಿನ ಮೇಲೆ 'ನಾ' ಎಂದು ಒಂದು ಪೆಟ್ಟು ಕೊಟ್ಟರು. ಏನೂ ಆಗಲಿಲ್ಲ. ಇನ್ನೊಂದು ಗಟ್ಟಾ ತಟ್ಟಿ ಮತ್ತೆ 'ನಾ' ಎಂದರು. ಯಾರೂ ಮುಟ್ಟದ ಸಿತಾರ್ ಸಣ್ಣಗೆ ಝೇಂಕರಿಸಿತು. "ಬಂತು ಗುರುಗಳೇ" ಎಂದು ತಬಲಾದವರು ಸುತ್ತಿಗೆ ಕೆಳಗಿಟ್ಟರು. ಮುಂದೆ ಕುಳಿತಿದ್ದ ಪಕ್ಕದ ಮನೆಯ ಹುಡುಗಿ ಬೆರಗಾಗಿ ತನ್ನ ತಾಯಿಯ ಕೈ ಹಿಡಿದುಕೊಂಡಳು. ಸಭಾಂಗಣದಲ್ಲೂ ಈ ತಂತಿಗಳು ಮಿಡಿದಿರಲೇಬೇಕು, ನಮ್ಮ ಕಿವಿಗೆ ತಲುಪಲಿಲ್ಲ ಅಷ್ಟೆ.

ಅಂದು ಬಾಗೇಶ್ರೀ ರಾಗ ನುಡಿಸಿದರು. ವಿಲಂಬಿತ್ (ನಿಧಾನ ಲಯದ) ಗತ್ 16 ಮಾತ್ರೆಗಳ ತೀನ್ ತಾಲದಲ್ಲಿತ್ತು. ಮಸೀತ್‌ಖಾನಿ ಗತ್ತಿನ ರೂಢಿಯಂತೆ 12ನೆಯ ಮಾತ್ರೆಯಿಂದ ಮುಖಡಾ (ಗತ್ತಿನ ಮೊದಲ ತುಣುಕು) ಎತ್ತಿಕೊಂಡು ಸಮ್, ಅಂದರೆ ತಾಲದ ಮೊದಲ ಮಾತ್ರೆ, ಮುಟ್ಟುವಾಗ 35 ತಲೆಗಳೂ ಒಟ್ಟಿಗೆ ತೂಗಿದವು. ತಬಲಾ ವಾದಕರ ಕೈಯಂತೂ ಬೇರೆಯೇ ಆಗಿತ್ತು. ಸಭಾಂಗಣದಲ್ಲಿ ಬಾರಿಸಿದ್ದವರು ಇಲ್ಲಿ ಮಾತನಾಡಿಸುತ್ತಿದ್ದರು. ಊಟಕ್ಕೆ ಕುಳಿತಾಗ ಕೇಳಿದೆ. "ಮೈಕ್ ಇದ್ದರೆ ಜನರಿಗೆ ಕೇಳಲೆಂದು ನುಡಿಸುತ್ತೇವೆ ಸರ್, ಇಲ್ಲದಿದ್ದರೆ ಸಿತಾರ್ ಕೇಳಿಸಿಕೊಂಡು ನುಡಿಸುತ್ತೇವೆ" ಎಂದರು.

ವಾದ್ಯ ಸರೋದ್ ಆಗಿದ್ದರೆ ಲೆಕ್ಕ ಕೊಂಚ ಬದಲಾಗಬಹುದು. ಅದರ ಹೊಟ್ಟೆಗೆ ಚರ್ಮದ ಹೊದಿಕೆ, ಮೀಟುವುದು ತೆಂಗಿನ ಕರಟದ ಜವಾ ಎಂಬ ತುಣುಕಿನಿಂದ, ಪ್ರತಿ ಮೀಟಿಗೂ ತೂಕ ಹೆಚ್ಚು. ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದ ಪಂಡಿತ ತಾರಾನಾಥರ ಮಗ ರಾಜೀವ ತಾರಾನಾಥರ ಸರೋದನ್ನು ಕೇಳಿದವರಿಗೆ ಆ ತೂಕ ಗೊತ್ತು. ಆದರೂ ಅದನ್ನು ಮಾಳಿಗೆಗೆ ಹತ್ತಿಸುವ ಧೈರ್ಯ ನನಗಿಲ್ಲ.

ಹಾಗಾದರೆ ಪಡಸಾಲೆಯೇ ಮೇಲೆಂದು ಹೇಳುವೆನೇ? ಕೇಳುವ ವಿಷಯಕ್ಕೆ, ಹೌದು, ಅನುಮಾನವಿಲ್ಲ. ಆದರೆ ಖರ್ಚನ್ನು 35 ಜನ ಹಂಚಿಕೊಂಡಾಗ ತಲೆಗೆ ಬಿದ್ದದ್ದು ಹೆಚ್ಚು. ಎರಡು ಗಂಟೆ ನೆಲದ ಮೇಲೆ ಕುಳಿತ ಹಿರಿಯರಿಗೆ ಎದ್ದು ನಿಲ್ಲಲು ಕಷ್ಟವಾಯಿತು. ನನ್ನನ್ನು ಬಹಳ ಕಾಡಿದ್ದೆಂದರೆ, ಮೊದಲ ವರ್ಷ ಹಿಂದಿನ ಸಾಲಿನಲ್ಲಿದ್ದ ಆ ಕಾಲೇಜು ಹುಡುಗರು ಈ ವರ್ಷ ಬರಲಿಲ್ಲ. ಪರಿಚಯವಿಲ್ಲದ ಮನೆಯ ಬಾಗಿಲು ತಟ್ಟುವುದು ಯಾರಿಗಾದರೂ ಸಂಕೋಚವೇ.

ಮುಂದಿನ ಚಳಿಗಾಲಕ್ಕೂ ಪಡಸಾಲೆಯನ್ನೇ ಇಟ್ಟುಕೊಂಡಿದ್ದೇವೆ, ಒಂದರ ಬದಲು ಎರಡು ಸಂಜೆ. ಎರಡನೆಯ ಸಂಜೆ ಪೂರ್ತಿ ವಿದ್ಯಾರ್ಥಿಗಳಿಗೆ, ಹಣ ತೆಗೆದುಕೊಳ್ಳುವುದಿಲ್ಲ. ಗೋಡೆಯ ಬದಿಗೆ ಹಿರಿಯರಿಗಾಗಿ ಎಂಟು ಕುರ್ಚಿ. ಅಮ್ಮ ಇನ್ನೂ ಎರಡು ಕೌದಿ ಹೊಲಿಯುತ್ತಿದ್ದಾರೆ.