ಬೇರೆಲ್ಲೂ ತೆರೆಯಲ್ಲ ಅಂದಿದ್ದರು, ನಂಬಿ ದುಡ್ಡು ಕಟ್ಟಿದೆ

ಸಾಫ್ಟ್‌ವೇರ್ ಕೊಳ್ಳುವ ಮುಂಚೆ ದಯವಿಟ್ಟು ಇದನ್ನು ಓದಿ.

ಲೆಕ್ಕಪತ್ರ, ಗಿರಾಕಿಗಳ ವಿವರ ಎಲ್ಲಾ ಇಡಲು ಒಂದು ಸಾಫ್ಟ್‌ವೇರ್ ಕೊಂಡಿದ್ದೆ. 'ನಮ್ಮದೇ ಡೇಟಾಬೇಸ್, ಬೇರೆ ಯಾರ ಹತ್ರಾನೂ ಸಿಗಲ್ಲ' ಅಂತ ಹೇಳಿ ಮಾರಿದ್ದರು. ಒಂದು ವರ್ಷ ಚೆನ್ನಾಗೇ ನಡೆಯಿತು. ಲೈಸೆನ್ಸ್ ಮುಗಿದ ದಿನ ತೆರೆದರೆ, ಕೀ ಕೇಳುವ ಪುಟ್ಟ ಚೌಕ ಬಿಟ್ಟು ಪರದೆ ಮೇಲೆ ಏನೂ ಇಲ್ಲ. ಫೋನ್ ಮಾಡಿದೆ. ಮೊದಲಿನ ಎರಡರಷ್ಟು ದುಡ್ಡು ಕೇಳಿದರು. 'ನಿಮ್ಮ ಡೇಟಾ ನಮ್ಮ ಫಾರ್ಮ್ಯಾಟ್‌ನಲ್ಲಿದೆ, ಬೇರೆಲ್ಲೂ ತೆರೆಯಲ್ಲ' ಅಂದರು. ಹೆದರಿ ಕಟ್ಟಿಬಿಟ್ಟೆ.

ಆಮೇಲೊಮ್ಮೆ ಬ್ಯಾಕಪ್ ತೆಗೆಯುವಾಗ ಆ ಫೈಲನ್ನು ಸುಮ್ನೆ ನೋಟ್‌ಪ್ಯಾಡ್‌ನಲ್ಲಿ ತೆರೆದೆ. ಹೆಚ್ಚಿನದೆಲ್ಲಾ ತಲೆಬುಡ ತಿಳಿಯದ ಗುರುತುಗಳು. ಆದರೆ ಶುರುವಿನಲ್ಲೇ ಓದಲು ಬರುವಂತೆ 'ಎಸ್‌ಕ್ಯೂಲೈಟ್ ಫಾರ್ಮ್ಯಾಟ್ 3' ಅಂತ ಇತ್ತು.

ಎಸ್‌ಕ್ಯೂಲೈಟ್ 2000ದಲ್ಲಿ ರಿಚರ್ಡ್ ಹಿಪ್ ಹೊರತಂದ ಡೇಟಾಬೇಸ್. ಹಕ್ಕು ಬಿಟ್ಟುಕೊಟ್ಟು ಪಬ್ಲಿಕ್ ಡೊಮೇನ್‌ಗೆ ಸೇರಿಸಿದ್ದಾರೆ, ಅಂದರೆ ಅದು ಎಲ್ಲರ ಸ್ವತ್ತು. ಅದರ ಕೋಡ್ ಫೈಲ್‌ಗಳ ತಲೆಯಲ್ಲಿ ಕಾಪಿರೈಟ್ ಸೂಚನೆ ಇರುವುದಿಲ್ಲ, ಒಂದು ಹಾರೈಕೆ ಇರುತ್ತದೆ. ಒಳ್ಳೆಯದನ್ನು ಮಾಡಿ, ಕೆಟ್ಟದ್ದು ಬೇಡ. ಧಾರಾಳವಾಗಿ ಹಂಚಿ, ಕೊಟ್ಟದ್ದಕ್ಕಿಂತ ಜಾಸ್ತಿ ತೆಗೆದುಕೊಳ್ಳಬೇಡಿ. ಅದನ್ನು ಓದಿ ಹೊಟ್ಟೆ ಉರಿಯಿತು. ಒಂದು ಉಚಿತ ಟೂಲ್ ಇಳಿಸಿಕೊಂಡು ಅದೇ ಫೈಲ್ ತೆರೆದೆ. ಒಂದು ಸಾಲೂ ಬಿಡದೆ ನನ್ನ ಲೆಕ್ಕವೆಲ್ಲಾ ಬಂತು.

ಜಗಳಕ್ಕೆ ಹೋದೆ. 'ಪಬ್ಲಿಕ್ ಡೊಮೇನ್ ಅಲ್ವಾ, ಮಾರಬಾರದು ಅಂತ ಎಲ್ಲಿದೆ?' ಅಂದರು. ಆ ಮಾತು ನಿಜ. ಅಂಥದ್ದನ್ನು ಯಾರು ಬೇಕಾದರೂ ಮಾರಬಹುದು, ಲಾಭ ಮಾಡಬಹುದು, ಯಾರ ಅನುಮತಿಯೂ ಬೇಡ. ಜಿಪಿಎಲ್ ಅನ್ನುವ ಮುಕ್ತ ಸಾಫ್ಟ್‌ವೇರ್ ಲೈಸೆನ್ಸ್ ಇರುವುದನ್ನೂ ಮಾರಬಹುದು, ಆದರೆ ಕೊಂಡವರಿಗೆ ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಮರ್‌ಗಳು ಬರೆದ ಮೂಲ ಕೋಡ್, ಸಿಗುವಂತೆ ಮಾಡಬೇಕು. ಇಲ್ಲಿ ಆ ಕಟ್ಟುಪಾಡೂ ಇಲ್ಲ. ಎಸ್‌ಕ್ಯೂಲೈಟ್ ಮೇಲೆ ಅವರು ಸ್ವತಃ ಬರೆದ ರಿಪೋರ್ಟ್, ಬಿಲ್ಲಿಂಗ್ ಕೋಡ್ ಅವರದ್ದೇ. ಅದಕ್ಕೆ ದುಡ್ಡು ಕೇಳಲಿ, ಸಂತೋಷವಾಗಿ ಕೊಡುತ್ತೇನೆ. ಆದರೆ ಎಲ್ಲರ ಸ್ವತ್ತನ್ನು 'ನಮ್ಮದೇ' ಅಂದದ್ದು ಸುಳ್ಳು. ಬೇರೆಲ್ಲೂ ತೆರೆಯಲ್ಲ ಅಂದದ್ದು ಇನ್ನೂ ದೊಡ್ಡ ಸುಳ್ಳು. ನಾನು ಎರಡನೇ ಸಲ ದುಡ್ಡು ಕಟ್ಟಿದ್ದು ಆ ಸುಳ್ಳಿಗೇ.

ಕೊಳ್ಳುವಾಗಲೇ ಒಳಗೆ ಏನೇನು ಬಳಸಿದ್ದೀರಿ ಅಂತ ಕೇಳಿ, ಬರೆದು ಕೊಡಲಿ. ಟ್ರಯಲ್ ಇರುವಾಗಲೇ ಡೇಟಾ ಪೂರ್ತಿ ಹೊರಗೆ ತೆಗೆದು ನೋಡಿ. ಅವರ ಕರಾರಿನಲ್ಲಿ 'ಯಾವ ಭಾಗವನ್ನೂ ನಕಲು ಮಾಡುವಂತಿಲ್ಲ' ಅಂತ ಬರೆದಿದ್ದರೆ ಗಾಬರಿಯಾಗಬೇಡಿ. ಪಬ್ಲಿಕ್ ಡೊಮೇನ್‌ನ ಮೂಲ ಸಾಫ್ಟ್‌ವೇರನ್ನು ಅದರ ಸ್ವಂತ ಜಾಲತಾಣದಿಂದ ಇಳಿಸಿಕೊಳ್ಳಲು ಯಾರನ್ನೂ ಕೇಳಬೇಕಿಲ್ಲ.

ನಾನು ಈಗ ವಾರಕ್ಕೊಮ್ಮೆ ಬ್ಯಾಕಪ್ ತೆಗೆದು ಬೇರೆ ಟೂಲ್‌ನಲ್ಲಿ ತೆರೆದು ನೋಡುತ್ತೇನೆ. ಕಟ್ಟಿದ ದುಡ್ಡು ವಾಪಸ್ ಬಂದಿಲ್ಲ.