ಕಾಯಾಕ್ ಹುಟ್ಟು: ಚಪ್ಪಟೆಯದಾ, ವಿಂಗಾ?

ಸಾಲಿಗ್ರಾಮದ ಹತ್ತಿರ ಸೀತಾ ನದಿಯ ಹಿನ್ನೀರಿನಲ್ಲಿ ಕಾಯಾಕ್ ಎಂಬ ಸಪೂರ ದೋಣಿಯಲ್ಲಿ ಕೂತು ಮೂರು ಬಗೆಯ ಹುಟ್ಟು ಹಾಕಿ ನೋಡಿದ್ದೇನೆ. ವೇಗವೊಂದೇ ಬೇಕಿದ್ದರೆ ವಿಂಗ್ ಹುಟ್ಟೇ ಮೇಲು. ಆದರೆ ವೇಗವೊಂದೇ ಯಾರಿಗೆ ಬೇಕು, ಅಲ್ವಾ?

ಹುಟ್ಟಿನ ತುದಿಯ ಅಗಲ ಭಾಗವೇ ಬ್ಲೇಡ್. ಚಪ್ಪಟೆ ಬ್ಲೇಡಿನ ಲೆಕ್ಕ ಸುಲಭ. ನಾವು ನೀರನ್ನು ಹಿಂದಕ್ಕೆ ತಳ್ಳುತ್ತೇವೆ, ನೀರು ತಡೆಯುತ್ತದೆ, ಆ ತಡೆಯೇ ದೋಣಿಯನ್ನು ಮುಂದಕ್ಕೆ ದೂಡುತ್ತದೆ. ತಡೆ ಸಿಗಬೇಕಾದರೆ ಬ್ಲೇಡ್ ಒಂಚೂರು ಹಿಂದಕ್ಕೆ ಜಾರಲೇಬೇಕು. ಜಾರುವ ವೇಗ ಎರಡು ಪಟ್ಟಾದರೆ ತಡೆ ಸುಮಾರು 4 ಪಟ್ಟು, ನೀರಿಗೆ ಸುರಿದುಹೋಗುವ ಶಕ್ತಿ 8 ಪಟ್ಟು. ಜೋರಾಗಿ ಎಳೆದು ಹಿಂದೆ ನೋಡಿ, ಸುಳಿಗಳು ತಿರುಗುತ್ತಿರುತ್ತವೆ. ದೋಣಿಗೆ ಸೇರದೆ ಹೋದ ನಿಮ್ಮ ತೋಳಿನ ಶಕ್ತಿ ಅದು. ಹಿಡಿತ ಸಡಿಲಿಸಿದರೆ ಬ್ಲೇಡ್ ಅತ್ತಿತ್ತ ಒದ್ದಾಡುವುದೂ ಗೊತ್ತಾಗುತ್ತದೆ. ಒಮ್ಮೆ ಈ ಅಂಚಿನಿಂದ, ಒಮ್ಮೆ ಆ ಅಂಚಿನಿಂದ ಸುಳಿ ಕಳಚಿಕೊಳ್ಳುವುದೇ ಕಾರಣ. ನಡುವೆ ಉಬ್ಬುಗೆರೆ ಇರುವ ಬ್ಲೇಡಿನಲ್ಲಿ ಈ ಕಾಟ ಕಮ್ಮಿ.

ವಿಂಗ್ ಹುಟ್ಟು 1980ರ ದಶಕದಲ್ಲಿ ಸ್ವೀಡನ್ನಿನಿಂದ ಬಂತು. ಒಲಿಂಪಿಕ್ಸ್‌ನ ಸ್ಪ್ರಿಂಟ್ ಕಾಯಾಕಿನಲ್ಲಿ ಈಗ ಅದರದ್ದೇ ರಾಜ್ಯಭಾರ. ಬ್ಲೇಡ್ ಸೌಟಿನ ಹಾಗೆ ಗುಳಿಬಿದ್ದಿರುತ್ತದೆ. ಇದನ್ನು ಸುಮ್ನೆ ಹಿಂದಕ್ಕೆ ಎಳೆಯುವುದಲ್ಲ. ಪಾದದ ಪಕ್ಕ ಮುಳುಗಿಸಿ ಸೊಂಟದಿಂದ ಮೈ ತಿರುಗಿಸಿದರೆ ಅದು ದೋಣಿಯಿಂದ ಹೊರಕ್ಕೆ ಸರಿಯುತ್ತದೆ. ಹಾಗೆ ಅಡ್ಡ ಸರಿಯುವಾಗ ವಿಮಾನದ ರೆಕ್ಕೆಗೆ ಸಿಗುವಂಥದ್ದೇ ಎತ್ತುಬಲ ಸಿಗುತ್ತದೆ. ಇಲ್ಲಿ ಅದರ ದಿಕ್ಕು ಮೇಲಕ್ಕಲ್ಲ, ಮುಂದಕ್ಕೆ. ಬ್ಲೇಡಿಗೆ ಕದಡದ ಹೊಸ ನೀರು ಸಿಗುತ್ತಲೇ ಇರುತ್ತದೆ. ಸ್ವಲ್ಪ ನೀರನ್ನು ರಭಸದಿಂದ ತಳ್ಳುವುದಕ್ಕಿಂತ ಜಾಸ್ತಿ ನೀರನ್ನು ನಿಧಾನಕ್ಕೆ ತಳ್ಳಿದರೆ ಶಕ್ತಿ ಉಳಿಯುತ್ತದೆ. ಪಳಗಿದವರ ಕೈಯಲ್ಲಿ ಬ್ಲೇಡ್ ನೀರಿಗಿಳಿದ ಜಾಗಕ್ಕಿಂತ ತುಸು ಮುಂದೆಯೇ ಮೇಲೇಳುವುದೂ ಉಂಟು.

ಹಿನ್ನೀರಿನ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಸಂದಿಯಲ್ಲಿ ಮಾತ್ರ ಇದು ತಲೆನೋವು. ಹೊರಕ್ಕೆ ಸರಿಯಲು ಜಾಗ ಇಲ್ಲ, ಬೇರಿಗೆ ಬಡಿಯುತ್ತದೆ. ದೋಣಿ ವಾಲಿದಾಗ ಆಸರೆಗೆಂದು ನೀರಿನ ಮೇಲೆ ಒತ್ತಿದರೆ ಸರ್ರನೆ ಒಳಗೆ ಇಳಿದುಬಿಡುತ್ತದೆ. ಅಲ್ಲಿ ನನಗೆ ಚಪ್ಪಟೆಯದೇ ಸರಿ.

ಮೂರನೆಯದು ಗ್ರೀನ್‌ಲ್ಯಾಂಡ್ ಹುಟ್ಟು. ಮರದ್ದು, ಉದ್ದ, ಅಗಲ ಅಂಗೈಯಷ್ಟೇ. ಮೇಲಂಚನ್ನು ತುಸು ಮುಂದಕ್ಕೆ ವಾಲಿಸಿ ಎಳೆಯಬೇಕು. ಗುಳುಗುಳು ಸದ್ದು ಬಂದರೆ ಬ್ಲೇಡಿನ ಹಿಂದೆ ಗಾಳಿ ಸೇರಿದೆ, ನೀರಿನ ಹಿಡಿತ ತಪ್ಪಿದೆ ಅಂತ ಅರ್ಥ. ನಿಂತಲ್ಲಿಂದ ಹೊರಡುವಾಗ ಮಂದ. ಆದರೆ ಮಧ್ಯಾಹ್ನದ ಮೇಲೆ ಕಡಲಗಾಳಿ ಎದುರು ಬೀಸುವಾಗ ಕಿರಿದಾದ ಬ್ಲೇಡಿಗೆ ಗಾಳಿಯ ಹೊಡೆತ ಕಮ್ಮಿ, ಆಗ ನಾನು ಎತ್ತಿಕೊಳ್ಳುವುದು ಇದನ್ನೇ.